ಏಳು ಕೋಲು, ಒಂದು ಪಾದ

“ಟೇಪು ಸರಿ ಹಿಡಿ, ಬೇವರ್ಸಿ. ಕೈ ಎಂತ ನಡುಗುವುದು? ಗೆರೆ ಹಾಕುವಾಗ ನಡುಗ್ಲಿಲ್ಲ ಅಲ್ವಾ?”

ಧನಿ ದೇವಿಪ್ರಸಾದ್ ಹೀಗೆ ಹೇಳಿದ್ದು ಹುಕ್ರಪ್ಪಣ್ಣನಿಗೆ, ಮೈದಾನದಲ್ಲಿದ್ದ ಎಲ್ಲರ ಎದುರು. ಟೇಪಿನ ಒಂದು ತುದಿ ಗೋಲಿನ ಗೆರೆಯಲ್ಲಿ ಹುಕ್ರಪ್ಪಣ್ಣನ ಕೈಯಲ್ಲಿತ್ತು. ಪೆನಾಲ್ಟಿ ಚುಕ್ಕಿಯ ಹತ್ತಿರ ಪಿ.ಟಿ. ಮಾಸ್ಟ್ರು ವೇಣುಗೋಪಾಲ ಕುಕ್ಕರಗಾಲಲ್ಲಿ ಕೂತಿದ್ದರು.

“ಮೂವತ್ತಮೂರು ಅಡಿ ಎಂಟು ಇಂಚು,” ಮಾಸ್ಟ್ರು ಓದಿದರು. “ಇರ್ಬೇಕಾದ್ದು ಮೂವತ್ತಾರು.”

“ಮೋಸ,” ಎಂದ ಧನಿ.

ಹತ್ತು ನಿಮಿಷದ ಹಿಂದೆ ಇದೇ ಚುಕ್ಕಿಯಿಂದ ಧನಿಯ ಮಗ ಹೊಡೆದ ಪೆನಾಲ್ಟಿಯನ್ನು ಹುಕ್ರಪ್ಪಣ್ಣ ಹಾರಿ ಹಿಡಿದಿದ್ದ. ಮಗ ಮೂಡುಬಿದಿರೆಯಲ್ಲಿ ಕಾಲೇಜು ಓದುವವ, ಕಾಲಲ್ಲಿ ಹಳದಿ ಬೂಟು. ಸೆಮಿಫೈನಲ್ ಅಲ್ಲಿಗೆ ಮುಗಿಯಿತು. ಒಂದು ಸೊನ್ನೆಯಲ್ಲಿ ನಾವು ಗೆದ್ದೆವು. ನಾವು ಎಂದರೆ ಕೋರೆ ಫ್ರೆಂಡ್ಸ್, ಅಳದಂಗಡಿಯ ಮೇಲಿನ ಗುಡ್ಡದಲ್ಲಿ ಧನಿಯ ಕೆಂಪು ಕಲ್ಲು ಕೊಯ್ಯುವ ಕೋರೆಯಲ್ಲಿ ದುಡಿಯುವವರು. ನಾನು ಅಝೀಮ್, ಲಾರಿಗೆ ಕಲ್ಲು ತುಂಬುವವ, ಆಟದಲ್ಲಿ ಬ್ಯಾಕ್. ಗೆದ್ದವರಿಗೆ ಕೊಡುವ ಕಪ್ಪು ಧನಿಯ ಅಪ್ಪನ ಹೆಸರಿನದ್ದು. ಹದಿನಾಲ್ಕು ವರ್ಷದಿಂದ ಈ ಮೈದಾನದ ಹುಲ್ಲು ಕೆತ್ತಿ, ಸುಣ್ಣದಲ್ಲಿ ಗೆರೆ ಹಾಕುತ್ತಿರುವವ ಹುಕ್ರಪ್ಪಣ್ಣ. ಆಡಲು ನಮ್ಮನ್ನು ಸೇರಿಸಿಕೊಂಡದ್ದು ಇದೇ ಮೊದಲು, ಅದೂ ಒಂದು ತಂಡ ಕಡಿಮೆ ಬಿತ್ತೆಂದು.

“ಚುಕ್ಕಿ ಹತ್ತಿರ ಇದ್ರೆ ಹೊಡೆಯುವವನಿಗಲ್ವಾ ಸಾರ್ ಲಾಭ?” ಎಂದು ನಾನು ಕೇಳಿದೆ. “ಹಿಡಿಯುವವನಿಗೆ ಎಂತ ಸಿಕ್ಕಿತು?”

ಮಾಸ್ಟ್ರು ನನ್ನ ಮುಖ ನೋಡಲಿಲ್ಲ, ಧನಿಯ ಮುಖ ನೋಡಿದರು. ಮತ್ತೆ ಮೈಕು ಹಿಡಿದು, ಗೆರೆಯಲ್ಲಿ ಮೋಸ ಮಾಡಿದ ಕೋರೆ ಫ್ರೆಂಡ್ಸನ್ನು ಕೂಟದಿಂದ ಹೊರಗೆ ಹಾಕಲಾಗಿದೆ, ಫೈನಲಿಗೆ ಎದುರಿನ ತಂಡ ಹೋಗುತ್ತದೆ ಎಂದರು. ಧನಿ ಮೈಕು ಕಸಿದುಕೊಂಡ.

“ಕೋರೆಯ ನಾಯಿಗಳನ್ನು ಅಂಗಳಕ್ಕೆ ಬಿಟ್ಟದ್ದು ನನ್ನದೇ ತಪ್ಪು.”

ಜನ ನಕ್ಕರು. ನಮ್ಮ ಗೋಲಿಗೆ ಶಿಳ್ಳೆ ಹಾಕಿದವರೇ ನಕ್ಕರು.

ಹೊರಡುವಾಗ ಧನಿ ಕೂಗಿ ಕರೆದ. “ಏ ಹುಕ್ರ, ಆದಿತ್ಯವಾರ ಬೆಳಿಗ್ಗೆ ಬಂದು ಫೈನಲಿಗೆ ಗೆರೆ ಹಾಕು. ಆಡ್ಲಿಕ್ಕೆ ಬೇಡ ಅಂದದ್ದು. ಕೆಲಸಕ್ಕೆ ಬೇಡ ಅನ್ಲಿಲ್ಲ.”

“ಆಯ್ತು ಧನಿಗಳೇ,” ಎಂದ ಹುಕ್ರಪ್ಪಣ್ಣ. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಸಂಜೆ ಅವನು ನಮ್ಮ ಜಗಲಿಗೆ ಬಂದು ಕೂತ. ಕೋರೆಯ ಅಳತೆಕೋಲು ತೊಡೆಯ ಮೇಲಿತ್ತು.

“ಏಳು ಕೋಲು, ಮೇಲೊಂದು ಪಾದ. ಸರಿಯೇ ಉಂಟಲ್ಲ ಅಝೀಮ. ಎಲ್ಲಿ ತಪ್ಪಿತು?”

ಆ ಕೋಲು ಐದಡಿಯದ್ದು, ನಾಲ್ಕು ಕಲ್ಲಿನ ಉದ್ದ. ಕಲ್ಲೊಂದಕ್ಕೆ ಹದಿನೈದು ಇಂಚು. ಎರಡೂ ತುದಿಗೆ ಹಿತ್ತಾಳೆ ಕಟ್ಟಿಸಿ ಧನಿಯೇ ಕೊಟ್ಟದ್ದು. ಅದನ್ನಿಟ್ಟು ಹುಕ್ರಪ್ಪಣ್ಣ ಬಂಡೆಗೆ ಗೆರೆ ಹಾಕಿದಲ್ಲೇ ಮಿಷನ್ನು ಕೊಯ್ಯಬೇಕು. ಮೈದಾನಕ್ಕೂ ಅದೇ ಕೋಲು. ಏಳು ಕೋಲಿಗೆ ಮೂವತ್ತೈದು ಅಡಿ, ಮತ್ತೆ ಅವನ ಪಾದ ಒಂದಡಿ. ತನ್ನ ಕಣ್ಣನ್ನು ಬೇಕಾದರೆ ನಂಬದಿದ್ದಾನು, ಕೋಲನ್ನು ನಂಬದಿರುವುದು ಅವನಿಗೆ ಗೊತ್ತಿರಲಿಲ್ಲ.

“ಕಪ್ಪು ಸಾಯ್ಲಿ ಮಾರಾಯ. ಮೋಸಗಾರನ ಮಗಳು ಅಂತ ಶಾಲೆಯಲ್ಲಿ ನನ್ನ ಮಗಳನ್ನು ಕರೀತಾರಂತೆ,” ಎಂದು ಮುಖ ಮುಚ್ಚಿಕೊಂಡು ಅತ್ತ. ನಲವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

ಒಳಗೆ ನನ್ನ ಹೆಂಡತಿ ರಾಫಿಯಾಳ ಹೊಲಿಗೆ ಮಿಷನ್ನು ನಿಂತಿತು. ಹೊರಗೆ ಬಂದವಳು ಕೊರಳಲ್ಲಿದ್ದ ಟೇಪು ತೆಗೆದು ಕೋಲಿನ ಮೇಲೆ ಹಾಸಿದಳು. ದರ್ಜಿ ಟೇಪು ಅರವತ್ತು ಇಂಚು, ಅಂದರೆ ಐದೇ ಅಡಿ. ಒಂದು ತುದಿ ಕೂಡಿತು. ಇನ್ನೊಂದು ತುದಿ ಹಿತ್ತಾಳೆಯನ್ನು ದಾಟಿ ಕೆಳಗೆ ನೇತಾಡಿತು.

“ಅಣ್ಣ, ನೀವು ತಪ್ಪಲಿಲ್ಲ. ಕೋಲೇ ಗಿಡ್ಡ. ನಾಲ್ಕು ಇಂಚು ಇಲ್ಲ.”

ಕಲ್ಲಿಗೊಂದು ಇಂಚು. ಹದಿನೈದು ಎಂದು ಹೇಳಿ ಹದಿನಾಲ್ಕರದ್ದು ಮಾರುತ್ತಿದ್ದ ಧನಿ. ಬಂಟ್ವಾಳದವರೆಗೆ ಎಷ್ಟು ಗೋಡೆಗೆ ಹೋಗಿದೆಯೋ ಆ ಕಲ್ಲು. ತುಂಬಿದ್ದು ನನ್ನ ಕೈಯೇ. ಹುಕ್ರಪ್ಪಣ್ಣ ಬೆರಳು ಮಡಚಿ ಏಳು ಕೋಲಿಗೆ ಎಷ್ಟಾಯಿತೆಂದು ನೋಡಿದ. ಎರಡಡಿ ನಾಲ್ಕು ಇಂಚು. ಚುಕ್ಕಿ ತಪ್ಪಿದ್ದೂ ಅಷ್ಟೇ.

“ರಂಡೆಮಗ,” ಎಂದ. ಧನಿಗೆ ಅವನ ಬಾಯಿಂದ ಬಂದ ಮೊದಲ ಬೈಗುಳ.

ತಂಡದವರೆಲ್ಲ ಸೇರಿದರು. ಅರ್ಜಿ ಬರೆಯುವ ಎಂದನೊಬ್ಬ. ಹುಕ್ರಪ್ಪಣ್ಣ ತಲೆಯಲ್ಲಾಡಿಸಿದ. “ಅರ್ಜಿ ಯಾರಿಗೆ, ಅವನಿಗೇ ಅಲ್ವಾ? ಗೆರೆ ಹಾಕ್ಲಿಕ್ಕೆ ಕರೆದಿದ್ದಾನೆ. ಹೋಗುವ.”

ಆದಿತ್ಯವಾರ ಅವನು ರಾಫಿಯಾಳ ಟೇಪಿನಲ್ಲಿ ಅಳೆದು ಎಲ್ಲ ಗೆರೆ ಹಾಕಿದ. ಜನ ಸೇರಿದ ಮೇಲೆ ನಾವು ಹನ್ನೊಂದು ಮಂದಿ ಜೆರ್ಸಿ ಹಾಕಿಕೊಂಡೇ ಒಳಗೆ ಹೋದೆವು. ವೇದಿಕೆಯಲ್ಲಿ ಕಪ್ಪಿನ ಪಕ್ಕ ಧನಿ ಕೂತಿದ್ದ. ಅವನ ಕಾಲಬುಡದಲ್ಲಿ ಹುಕ್ರಪ್ಪಣ್ಣ ಕೋಲು ಇಟ್ಟ. ನಮ್ಮ ಜೊತೆ ಬಂದಿದ್ದ ರಾಫಿಯಾ ಅದರ ಮೇಲೆ ಟೇಪು ಹಾಸಿದಳು.

“ಇದು ಕೋರೆಯ ಕೋಲು. ಐದಡಿ ಅಂತ ಧನಿ ಕೊಟ್ಟದ್ದು. ಮೋಸ ಯಾರದ್ದು ಅಂತ ಬಂದು ನೋಡಿ,” ಎಂದ ಹುಕ್ರಪ್ಪಣ್ಣ.

ಯಾರೂ ಏಳಲಿಲ್ಲ. ಕೊನೆಗೆ, ಹೋದ ವರ್ಷ ಮನೆ ಕಟ್ಟಿಸಿದ ಪರಮೇಶ್ವರಿ ಟೀಚರ್ ಬಂದು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

“ನನ್ನ ಮನೆಗೆ ಬಂದ ಕಲ್ಲು ಇದೇ ಕೋಲಿನದ್ದಾ?”

“ಹೌದು ಟೀಚರ್. ನಾನೇ ಗೆರೆ ಹಾಕಿದ್ದು.”

ಟೀಚರ್ ನಿಧಾನವಾಗಿ ನೆಟ್ಟಗಾಗಿ ವೇದಿಕೆಯ ಕಡೆ ತಿರುಗಿದರು. ಅವರ ಹಿಂದೆ ಇನ್ನೂ ನಾಲ್ಕೈದು ಕುರ್ಚಿ ಸರಿದವು.

“ಕೋಲು ತೆಗಿಯಾ ನಾಯಿ. ನಾಳೆಯಿಂದ ಕೋರೆಗೆ ಬಂದ್ರೆ ಕಾಲು ಮುರೀತೇನೆ,” ಎಂದ ಧನಿ. ಮತ್ತೆ ಸ್ಟೇಷನ್ನಿಗೆ ಫೋನು ಮಾಡಿದ.

ಹುಕ್ರಪ್ಪಣ್ಣ ಮಾಸ್ಟ್ರ ಕಂಕುಳಿಂದ ಚೆಂಡು ಎಳೆದುಕೊಂಡ. ಹೊಸ ಚುಕ್ಕಿಯ ಮೇಲೆ ಇಟ್ಟ. ಹೋಗಿ ಗೋಲಿನಲ್ಲಿ ನಿಂತು, ಸುಣ್ಣ ತಿಂದ ಎರಡೂ ಕೈ ಬಿಡಿಸಿದ.

“ಈಗ ಸರೀ ಮೂವತ್ತಾರಡಿ ಉಂಟು. ಕಳಿಸು ಮಗನನ್ನು. ಹೊಡೀಲಿ.”

ಹಳದಿ ಬೂಟು ಅಪ್ಪನ ಮುಖ ನೋಡುತ್ತ ನಿಂತಲ್ಲೇ ನಿಂತಿತು. ನಾವು ಹತ್ತು ಮಂದಿ ನಡುಗೆರೆಯ ಮೇಲೆ ಸಾಲಾಗಿ ಕೂತೆವು. ಪೊಲೀಸ್ ಜೀಪು ಗುಡ್ಡ ಹತ್ತಿ ಮೈದಾನದ ಬಾಗಿಲಿಗೆ ಬಂದಾಗಲೂ ಚೆಂಡು ಚುಕ್ಕಿಯ ಮೇಲೆಯೇ ಇತ್ತು. ಹುಕ್ರಪ್ಪಣ್ಣ ಗೋಲು ಬಿಟ್ಟು ಕದಲಲಿಲ್ಲ.