ಗುಬ್ಬಿಗೆ ಕೊಟ್ಟ ಸೂಟ್‌ಕೇಸು

ನನ್ನ ಅಕ್ಕನ ಮಗಳು ಒಂದು ಹುಡುಗಿಯನ್ನು ದತ್ತು ತೆಗೆದುಕೊಂಡಳು. ಆರು ವರ್ಷದ್ದು, ಹಿಡಿಯಷ್ಟು ಜೀವ. ನಾನು ಗುಬ್ಬಿ ಎಂದೇ ಕರೆಯುವುದು. ನಮಗಿಂತ ಮೊದಲು ಎರಡು ಮನೆಯವರು ಅವಳನ್ನು ಕರೆದುಕೊಂಡು ಹೋಗಿ, ಅಳತೆಗೆ ಕೂರದ ಚಪ್ಪಲಿಯ ಹಾಗೆ ಅನಾಥಾಶ್ರಮಕ್ಕೆ ವಾಪಸು ಬಿಟ್ಟಿದ್ದರು. ಎರಡು ಸಲವೂ ಬಟ್ಟೆ ತುಂಬಿದ ಸೂಟ್‌ಕೇಸು ಮೊದಲು ಬಂತು, ಆಮೇಲೆ ಅವಳನ್ನು ವಾಪಸು ಒಯ್ಯುವ ಕಾರು. ಅದಕ್ಕೇ ಅಕ್ಕನ ಮಗಳು ಮನೆಯ ಪೆಟ್ಟಿಗೆ, ಚೀಲಗಳನ್ನೆಲ್ಲ ಗುಬ್ಬಿಯ ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಹಾಕಿದ್ದಳು. ನಮ್ಮ ಚರ್ಚಿನ ಪಾಸ್ಟರಿಗೂ ಇದನ್ನು ಬಿಡಿಸಿ ಹೇಳಿದ್ದಳು. ಅವರು ಕಣ್ಣು ಮುಚ್ಚಿ ತಲೆಯಾಡಿಸಿದ್ದರು. ಕಣ್ಣು ಮುಚ್ಚಿದರೆ ಕಿವಿಯೂ ಮುಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲ.

ಅವಳು ಚರ್ಚಿನ ಸಭೆಯವರನ್ನು ಕೇಳಿದ್ದು ಒಂದೇ. "ವಾರಕ್ಕೊಂದು ಮಧ್ಯಾಹ್ನ ಯಾರಾದ್ರೂ ಬಂದು ಇವಳ ಜೊತೆ ಕೂತ್ಕೊಳ್ಳಿ. ನಾನು ಸ್ವಲ್ಪ ನಿದ್ದೆ ಮಾಡ್ತೀನಿ."

"ಪ್ರಾರ್ಥನೆ ಮಾಡ್ತೀವಮ್ಮ" ಎಂದರು. ಪ್ರಾರ್ಥನೆಗೆ ಬಾಗಿಲ ಬೆಲ್ ಒತ್ತುವ ಬೆರಳಿಲ್ಲವಲ್ಲ!

ಆಮೇಲೊಂದು ಭಾನುವಾರ 'ದತ್ತು ಕುಟುಂಬಗಳೊಂದಿಗೆ ನಾವು' ಎಂದು ಬ್ಯಾನರ್ ಕಟ್ಟಿ, ಹೇಳದೆ ಕೇಳದೆ ಗುಬ್ಬಿಯನ್ನು ವೇದಿಕೆ ಹತ್ತಿಸಿದರು. ಎದುರಿಗೆ ಕ್ಯಾಮೆರಾ. ಮಹಿಳಾ ಸಂಘದ ಅಧ್ಯಕ್ಷೆ ಗಡಗಡ ಎಳೆದುಕೊಂಡು ಬಂದರು, ಗುಲಾಬಿ ಬಣ್ಣದ ಸೂಟ್‌ಕೇಸು! ಒಳಗೆ ತುಂಬ ಹೊಸ ಬಟ್ಟೆ. ಚಪ್ಪಾಳೆಯೋ ಚಪ್ಪಾಳೆ.

ಗುಬ್ಬಿ ಅಳಲಿಲ್ಲ. ಕೆಳಗೆ ಕೂತಿದ್ದ ಅಮ್ಮನನ್ನು ನೋಡಿ, "ನಾನೇನ್ ತಪ್ಪು ಮಾಡ್ದೆ?" ಎಂದಳು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು.

ಅಧ್ಯಕ್ಷೆ ಹಿಂದೆ ಹಾರಿ ತಮ್ಮ ಚಪ್ಪಲಿ ನೋಡಿಕೊಂಡರು. "ಥೂ! ಕೊಟ್ಟಿದ್ದನ್ನ ತಗೊಳ್ಳೋಕೂ ಯೋಗ್ಯತೆ ಬೇಕು."

ಪಾಸ್ಟರು ಕ್ಯಾಮೆರಾದವನ ಕಡೆ ಬಗ್ಗಿ, "ಇಷ್ಟು ಕಟ್ ಮಾಡು. ಚಪ್ಪಾಳೆ ಇಟ್ಕೋ" ಎಂದರು.

ಗುಬ್ಬಿಯ ಅಮ್ಮ ಓಡಿಹೋಗಿ ಮಗುವನ್ನು ಎತ್ತಿಕೊಂಡಳು. ಹಿಂದೆಯೇ ನಾನೂ ಮೊಣಕಾಲು ಹಿಡಿದುಕೊಂಡು ಹತ್ತಿದೆ. ಸೂಟ್‌ಕೇಸನ್ನು ತಲೆಕೆಳಗು ಮಾಡಿ ಸುರಿದೆ. ಹೊಚ್ಚ ಹೊಸ ಫ್ರಾಕಿನಿಂದಲೇ ನೆಲ ಒರೆಸಿದೆ.

"ಅಜ್ಜ, ಏನಿದು! ಇದು ದೇವರ ಮನೆ" ಎಂದರು ಪಾಸ್ಟರು.

"ಅದಕ್ಕೇ ಒರೆಸ್ತಿದೀನಿ. ತಗೊಳ್ಳಿ ನಿಮ್ಮ ಪೆಟ್ಟಿಗೆ. ಹೋಗೋದಿದ್ರೆ ನೀವು ಹೋಗಿ, ಮಗು ಎಲ್ಲೂ ಹೋಗಲ್ಲ."

ಆ ಸಂಜೆ ಸಭೆಯಿಂದ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಬಂದದ್ದು ಫೋನಿಗೆ ವಿಡಿಯೊ: ಬ್ಯಾನರು, ಗುಲಾಬಿ ಪೆಟ್ಟಿಗೆ, ಚಪ್ಪಾಳೆ. ಗುಬ್ಬಿ ಶೂ ಬಿಚ್ಚದೆ ಬಾಗಿಲ ಬಳಿ ನಿಂತಿದ್ದಳು, ಕಾರಿಗೆ ಕಾಯುತ್ತ. ಅಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಕತ್ತಲಾಯಿತು, ಕಾರು ಬರಲಿಲ್ಲ. ಆಗ ಗುಬ್ಬಿ ಒಂದು ಶೂ ಬಿಚ್ಚಿದಳು.

ಇನ್ನೊಂದನ್ನು ಮಲಗುವಾಗಲೂ ಬಿಚ್ಚಲಿಲ್ಲ.