ಪರಸ್ಥಾನಕ್ಕೆ ಇಟ್ಟ ಚೀಲ

ಹೊಸ ಕ್ಯಾನ್ವಾಸ್ ಬಟ್ಟೆ, ಹೊಲಿಗೆ ಯಂತ್ರದ ಎಣ್ಣೆ, ದಾರಕ್ಕೆ ಉಜ್ಜಿದ ಮೇಣ ಸೇರಿದರೆ ಒಂದು ವಾಸನೆ ಬರುತ್ತದೆ. ಅದು ನನ್ನ ಬಾಲ್ಯದ ವಾಸನೆ. ನಾನು ಒಂದು ನೀಲಿ ಚೀಲ. ಗದಗಿನಲ್ಲಿ ಮಾಬುಸಾಬರ ಅಂಗಡಿಯಲ್ಲಿ ಹುಟ್ಟಿದೆ. ಹಿಡಿಕೆ ಹರಿದರೆ ಹೊತ್ತವರ ಮಾನ ಹೋಗುತ್ತದೆಂದು ಅವರು ಅಲ್ಲಿ ಮೂರು ಸುತ್ತು ಹೊಲಿಗೆ ಹಾಕಿದ್ದರು.

ನನ್ನನ್ನು ಕೊಂಡವರು ಪ್ರಮೀಳಾಬಾಯಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ನನ್ನನ್ನು ಒಳಹೊರಗು ತಿರುವಿ ನೋಡಿ, ಮಾಬುಸಾಬರಿಗೆ ನೂರಕ್ಕೆ ತೊಂಬತ್ತು ಅಂಕ ಕೊಟ್ಟರು. ಉಳಿದ ಹತ್ತು ಎಲ್ಲಿ ಹೋಯಿತೆಂದು ಅವರು ಕೇಳಿದ್ದಕ್ಕೆ, ಕಾರವಾರಕ್ಕೆ ಹೋಗಿ ಬಂದ ಮೇಲೆ ಕೊಡುತ್ತೇನೆ ಎಂದರು.

ಕಾರವಾರದ ಮೂರು ದಿನಗಳನ್ನು ಬಾಯಿಯವರು ಒಂದು ತಿಂಗಳು ಕೂತು ಹೊಲಿದರು ಎನ್ನಬೇಕು. ಹುಬ್ಬಳ್ಳಿಯವರೆಗೆ ಪ್ಯಾಸೆಂಜರ್ ರೈಲು, ಮುಂದೆ ಘಟ್ಟ ಇಳಿಯಲು ಕೆಂಪು ಬಸ್ಸು. ಮಳೆ ಆಗಷ್ಟೇ ಹಿಂದೆಗೆದಿತ್ತು, ಜನ ಇನ್ನೂ ಬರಲು ಶುರುವಾಗಿರಲಿಲ್ಲ. ಹಾಗಾಗಿ ಕೋಣೆ ಅರ್ಧ ಬಾಡಿಗೆಗೆ ಸಿಕ್ಕಿತು. ಆಟೋ ಬೇಕಾಗದಂತೆ, ಸಮುದ್ರಕ್ಕೆ ನಡೆದು ಹೋಗುವಷ್ಟು ಹತ್ತಿರದ ಕೋಣೆ. ಅವರ ಯಜಮಾನರು ವಾಮನರಾಯರು ಮಾತ್ರ ಪ್ರತಿ ವರ್ಷದಂತೆ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು.

"ಸಮುದ್ರ ಎಲ್ಲಿ ಓಡಿ ಹೋಗ್ತದ?"

"ಅದು ಓಡೂದಿಲ್ಲ ಖರೆ. ನಮ್ಮ ಮೊಣಕಾಲೂ ಇನ್ನ ಓಡೂದಿಲ್ಲ," ಎಂದರು ಬಾಯಿಯವರು. ರಾಯರು ಒಪ್ಪಿದರು.

ತೊಡಕು ಬಂದದ್ದು ದಿನದ ವಿಷಯದಲ್ಲಿ. ಕೋಣೆ ಸಿಕ್ಕಿದ್ದು ಶುಕ್ರವಾರಕ್ಕೆ. ಶುಕ್ರವಾರ ಪಶ್ಚಿಮ ದಿಕ್ಕಿಗೆ ಹೊರಡಬಾರದೆಂದು ರಾಯರು ಪಟ್ಟು ಹಿಡಿದರು. ಅದಕ್ಕೊಂದು ದಾರಿ ಇದೆ. ಒಳ್ಳೆಯ ದಿನ ನೋಡಿ ಪ್ರಯಾಣದ ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದರೆ ಅಂದೇ ಹೊರಟಂತೆ. ಆಮೇಲೆ ಯಾವ ದಿನ ಬೇಕಾದರೂ ಹೋಗಬಹುದು. ಅದನ್ನೇ ಪರಸ್ಥಾನ ಎನ್ನುತ್ತಾರೆ. ಇಟ್ಟ ಗಂಟು ಮಾತ್ರ ಹೊರಡುವ ಮೊದಲು ಮರಳಿ ಮನೆಯೊಳಗೆ ಬರಬಾರದು.

ಹೀಗೆ ಬುಧವಾರ ಬೆಳಿಗ್ಗೆ ನಾನು ಪಕ್ಕದ ಮನೆಯ ಬಸಲಿಂಗವ್ವನವರ ನಡುಮನೆ ಸೇರಿದೆ. ಮಧ್ಯಾಹ್ನವೇ ಬಾಯಿಯವರು ಬಂದು ನನ್ನನ್ನು ಎತ್ತಿಕೊಂಡು ಮನೆಗೆ ಹೋದರು. ರಾಯರಿಗೆ ಸಮುದ್ರದ ಗಾಳಿ ತಡೆಯುವುದಿಲ್ಲವೆಂದು ಒಂದು ಮಫ್ಲರ್ ಇಟ್ಟು ತಂದರು. ಸಂಜೆ ಮತ್ತೆ ಬಂದರು, ಈ ಸಲ ಗುಳಿಗೆಗಳಿಗಾಗಿ. ಗುರುವಾರ ಮಧ್ಯಾಹ್ನ ಬಂದವರು ರಾಯರು. ಪೇಪರ್ ಓದುವ ಕನ್ನಡಕ ನನ್ನೊಳಗೆ ಸೇರಿಬಿಟ್ಟಿತ್ತು. ಬಸಲಿಂಗವ್ವ ಮಲಗಿದ್ದರು, ಪರರ ಮನೆಯಲ್ಲಿ ಹೆಂಡತಿಯ ಸೀರೆ ಹರವಿ ಹುಡುಕಲು ರಾಯರಿಗೆ ಸಂಕೋಚ. ಹಿತ್ತಿಲ ಬಾಗಿಲಿನಿಂದ ನನ್ನನ್ನು ಒಯ್ದು, ಕನ್ನಡಕ ತೆಗೆದುಕೊಂಡು, ಹತ್ತೇ ನಿಮಿಷದಲ್ಲಿ ತಂದಿಟ್ಟರು.

ಅಂದು ಸಂಜೆ ತುಳಸಿಗೆ ನೀರು ಹಾಕಲು ಹೋದ ಪ್ರಮೀಳಾಬಾಯಿ ಕಟ್ಟೆಗೆ ಒರಗಿ ಕೂತರು. ಮತ್ತೆ ಏಳಲಿಲ್ಲ.

ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬಸಲಿಂಗವ್ವನಿಗೂ ನನ್ನನ್ನು ಬಿಚ್ಚುವ ಧೈರ್ಯವಿರಲಿಲ್ಲ. ಅಟ್ಟದ ಮೇಲೆ ಇಟ್ಟರು. ಅಲ್ಲಿ ಮೂರು ವರ್ಷ ಕಳೆದೆ. ನಾನು ಹೊರಟಿದ್ದೆ, ಹೋಗಿರಲಿಲ್ಲ. ನನ್ನೊಳಗೆ ಉಳಿದಿದ್ದವರೂ ಹಾಗೆಯೇ. ಬೆಳಗಿನ ರೈಲು ಕೂಗಿದಾಗ ಯಾರ ಕೈಯೂ ಇಲ್ಲದೆ ನನ್ನ ಜಿಪ್ಪಿನ ನಾಲಗೆ ಅಲುಗುತ್ತಿತ್ತು. ಮಧ್ಯಾಹ್ನದ ಮೌನದಲ್ಲಿ ಸೀರೆಯ ಮಡಿಕೆಗಳು ಯಾರೋ ಎದ್ದು ಕೂತಂತೆ ಸಡಿಲವಾಗುತ್ತಿದ್ದವು. ಕೆಲವೊಮ್ಮೆ ಹಿಡಿಕೆ ಬಿಗಿಯಾಗುತ್ತಿತ್ತು. ಆ ಹಿಡಿತ ನನಗೆ ಗುರುತಿತ್ತು.

ದಿನಾ ಮುಸ್ಸಂಜೆಗೆ ರಾಯರು ಹೊಸ್ತಿಲ ಹೊರಗೆ ನಿಂತು ಅಟ್ಟದ ಕಡೆ ನೋಡಿ ಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಬರಬರುತ್ತಾ ಅರ್ಧವಾಗಿದ್ದರು. ಅವರ ಎದೆಯಲ್ಲಿ ಏನಿದೆಯೆಂದು ನನಗೆ ತಿಳಿದಿತ್ತು. ಅದು ಸುಳ್ಳೆಂಬುದೂ ತಿಳಿದಿತ್ತು. ಹೇಳಲು ನನಗಿದ್ದದ್ದು ಜಿಪ್ಪು ಮಾತ್ರ.

ಕೊನೆಗೆ ಅಟ್ಟದ ಹಲಗೆ ಬದಲಿಸಲು ಬಡಗಿ ಬರುವವನಿದ್ದ. ಬಸಲಿಂಗವ್ವ ನನ್ನನ್ನು ಇಳಿಸಿ, ಧೂಳು ಝಾಡಿಸಿ, ರಾಯರ ಬಾಗಿಲಿಗೆ ಹೊತ್ತು ತಂದರು. ರಾಯರು ಎರಡು ಹೆಜ್ಜೆ ಹಿಂದೆ ಸರಿದರು.

"ಅದನ್ನ ಒಳಗ ತರಬ್ಯಾಡ್ರಿ, ಅವ್ವಾರ. ಆವತ್ತು ನೀವು ಮಲಗಿದಾಗ ಒಮ್ಮೆ ತಂದಿದ್ದೆ. ಅದಕ್ಕ ಆಕಿ ಹೋದ್ಲು."

ಬಸಲಿಂಗವ್ವ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಅವರ ತೊಡೆಯ ಮೇಲಿದ್ದೆ.

"ರಾಯರ, ನೀವು ಒಯ್ದದ್ದು ಒಂದ ಸಲ. ಬಾಯಾರು ಎರಡು ಸಲ ಒಯ್ದಿದ್ರು. ನಿಮ್ಮ ಮಫ್ಲರ್ ಇಡಾಕ ಒಮ್ಮೆ, ನಿಮ್ಮ ಗುಳಿಗಿ ಇಡಾಕ ಒಮ್ಮೆ. ನಿಮಗ ಹೇಳಬಾರದಂತ ನನ್ನಿಂದ ಆಣಿ ಮಾಡಿಸಿಕೊಂಡ್ರು. ಅಂಜ್ತಾರ ಅಂದ್ರು. ನೀವು ಇದನ್ನ ಎದಿಯಾಗ ಇಟ್ಕೊಂಡೀರಿ ಅಂತ ನನಗರ ಏನ್ ಗೊತ್ತು?"

ರಾಯರು ನನ್ನ ಜಿಪ್ಪು ಎಳೆದರು. ಮೇಲೆಯೇ ಮಫ್ಲರ್ ಇತ್ತು. ಅದರ ಮಡಿಕೆಯಲ್ಲಿ ಗುಳಿಗೆಗಳ ಪೊಟ್ಟಣ. ಅದನ್ನು ಮತ್ತೆ ಹಾಗೆಯೇ ಮಡಿಚಿಟ್ಟು ಒಂದೇ ಮಾತು ಕೇಳಿದರು.

"ಆಗ ಆಕಿ ನಕ್ಕಿದ್ಲೇನು?"

"ನಕ್ಕಿದ್ರು. ಹಿಂಗ, ಬಾಗಿಲದಾಗ ನಿಂತು."

ಈಗ ನಾನು ಮುದುಕಿ. ಜಿಪ್ಪಿನ ಹಲ್ಲು ಉದುರಿವೆ, ನೀಲಿ ಬಣ್ಣ ಬೂದಾಗಿದೆ. ರಾಯರ ಮನೆಯ ಗೂಟದಲ್ಲಿ ತೂಗುತ್ತೇನೆ. ಕಾರವಾರದ ಮರಳು ಇನ್ನೂ ನನ್ನ ಹೊಲಿಗೆಗಳಲ್ಲಿದೆ. ಹಿಡಿಕೆ ಈಗ ತಾನಾಗಿ ಬಿಗಿಯುವುದಿಲ್ಲ. ಅದಕ್ಕಾಗಿ ಕೆಲವು ಮಧ್ಯಾಹ್ನ ನಾನೇ ಕಾಯುತ್ತೇನೆ. ಸಮುದ್ರವನ್ನು ಕಂಡವಳು ನಾನು. ಆದರೂ ನನಗೆ ಹೆಚ್ಚಾಗಿ ನೆನಪಾಗುವುದು ನಾವು ಹೊರಟ ಆ ಬೆಳಗು.

ಜಿಪ್ಪು ತೆರೆದ ದಿನ ನನ್ನನ್ನು ಒಳಗೊಯ್ಯದೆ ಮತ್ತೆ ಬಸಲಿಂಗವ್ವನ ಮನೆಯಲ್ಲೇ ಇಟ್ಟು ಹೋಗಿದ್ದ ರಾಯರು ಮರುದಿನ ಇಸ್ತ್ರಿ ಅಂಗಿ ತೊಟ್ಟು ಬಂದರು. ಅದು ಶುಕ್ರವಾರ. ಇಬ್ಬರೂ ಆ ಮಾತೆತ್ತಲಿಲ್ಲ. ರಾಯರು ನನ್ನನ್ನು ಹೆಗಲಿಗೇರಿಸುವಾಗ ಬಸಲಿಂಗವ್ವ ಒಳಗಿನಿಂದ ಬಿಸಿ ಗಂಟೊಂದನ್ನು ತಂದು ಅವರ ಕೈಗಿಟ್ಟರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಘಮ. ರಾಯರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. ಒಬ್ಬರ ಊಟವಾಗಿರಲಿಲ್ಲ ಅದು, ಬಾಯಿಯವರ ಪಾಲೂ ಇತ್ತು. ಅವರು ತಲೆ ಎತ್ತುವಷ್ಟರಲ್ಲಿ ಬಸಲಿಂಗವ್ವ ಆಚೆ ತಿರುಗಿ, ಸೆರಗಿನಿಂದ ಬಾಗಿಲ ಚೌಕಟ್ಟು ಒರೆಸುತ್ತಿದ್ದರು.