ಬಿಸಿಗೆ ಸೋತ ಗಾಲಿ

ಟ್ರಾಲಿ ಮಗುಚಿ ಅಣ್ಣನ ಬಲಗಾಲು ಜಜ್ಜಿಹೋದ ನಾಲ್ಕನೇ ದಿನ, ನಮ್ಮ ಸೂಪರ್‌ವೈಸರ್ ಆ ಟ್ರಾಲಿಯ ಸೀಳಿದ ಗಾಲಿಯನ್ನು ಮೇಜಿನ ಮೇಲಿಟ್ಟು ಗಟ್ಟಿತನ ಅಳೆಯೋ ಗೇಜು ಒತ್ತಿದ. ಮುಳ್ಳು ತೊಂಬತ್ತಕ್ಕೆ ನಿಂತಿತು.

"ನೋಡಿ ಸಾರ್, ಕಲ್ಲಿದ್ದಂಗಿದೆ," ಅಂದ ಓನರಿಗೆ. "ಇವನ ಅಣ್ಣನೇ ಮಿತಿಮೀರಿ ಹೇರಿದ್ದಾನೆ. ಅಪಘಾತದ ಕಾಗದದಲ್ಲಿ ಹಂಗೇ ಬರೆದುಬಿಡಿ."

ಹಂಗೆ ಬರೆದರೆ ತಪ್ಪು ಅಣ್ಣನದು. ಕಾಲಂತೂ ಹೋಯ್ತು, ಕೆಲಸವೂ ಹೋಗುತ್ತೆ.

ಅಣ್ಣ ಇದೇ ಓನರ ಫೌಂಡ್ರಿಯಲ್ಲಿ ಕಾದ ಎರಕದ ಮಾಲನ್ನು ಟ್ರಾಲಿಯಲ್ಲಿ ತಳ್ಳುತ್ತಿದ್ದ. ಆ ಗಾಲಿಗೆ ಪಾಲಿಯುರೆಥೇನ್ ಅನ್ನೋ ರಬ್ಬರಿನಂಥ ಮಾಲು ಸುರಿದು ಬೇಯಿಸೋದು ನಾವು. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು, ಆದರೆ ಐದು ವರ್ಷ ಓವನ್ ಮುಂದೆ ಬೆವರಿ ಈ ಮಾಲಿನ ಜಾತಕ ತಿಳಿದಿದ್ದೇನೆ. ಇದರ ಒಂದೊಂದು ಎಳೆಯಲ್ಲೂ ಮೆತ್ತನೆ ತುಂಡು, ಗಟ್ಟಿ ತುಂಡು ಸರದಿಯಲ್ಲಿರುತ್ತವೆ. ಗಟ್ಟಿಯವು ಒಂದನ್ನೊಂದು ಹುಡುಕಿಕೊಂಡು ಗಂಟು ಕಟ್ಟಬೇಕು. ಅದಕ್ಕೆ ನೂರು ಡಿಗ್ರಿಯಲ್ಲಿ ಹದಿನಾರು ಗಂಟೆ ಬೇಕು. ಈ ಸೂಪರ್‌ವೈಸರ್ ಆರೇ ಗಂಟೆಗೆ ಹೊರಗೆ ಎಳೆಸಿದ. ತಣ್ಣಗಿರೋವಾಗ ಗೇಜಿಗೆ ವ್ಯತ್ಯಾಸ ಗೊತ್ತಾಗಲ್ಲ. ಕಾದರೆ ಹಸಿ ಗಂಟು ಸಡಿಲಾಗಿ ಗಾಲಿ ಹಿಟ್ಟಿನ ಮುದ್ದೆಯಾಗುತ್ತೆ.

ಅವತ್ತೇ ಹೇಳಿದ್ದೆ. "ಗೇಜಿಗೇ ಪಾಠ ಹೇಳ್ತೀಯೇನೋ, ಎಂಟನೇ ಕ್ಲಾಸು?" ಅಂತ ನಕ್ಕಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಈ ಸಲ ಮುಚ್ಚಲಿಲ್ಲ. ಅವನ ಮೂಗಿಗೆ ಗುದ್ದಿದೆ. ಲಟಕ್ಕಂತು. ಗೇಜು, ಗಾಲಿ ಒಂದು ಕೈಯಲ್ಲಿ, ಅವನ ಕಾಲರ್ ಇನ್ನೊಂದರಲ್ಲಿ. ಓವನ್ ರೂಮಿಗೆ ದರದರ ಎಳೆದು ಒಳಗಿಂದ ಚಿಲಕ ಹಾಕಿದೆ. ಸೀಳಿದ ಗಾಲಿ, ಜೊತೆಗೆ ಹದಿನಾರು ಗಂಟೆ ಬೆಂದ ಒಂದು ಒಳ್ಳೆ ಗಾಲಿ, ಎರಡನ್ನೂ ನೂರು ಡಿಗ್ರಿಗೆ ತಳ್ಳಿದೆ. ಕಬ್ಬಿಣದ ರಾಡು ಹಿಡಿದು ಎದುರಿಗೆ ಕೂತೆ.

ಹೊರಗಿಂದ ಓನರು ಬಾಗಿಲು ಬಡಿದರು. "ಬಾಗಿಲು ತೆಗೀತೀಯೋ ಇಲ್ವೋ?"

"ಒಂದು ಗಂಟೆ ಸಾರ್. ಅಷ್ಟೊತ್ತಿಗೆ ಒಳಗಿನವರೆಗೂ ಕಾಯುತ್ತೆ."

ಗಂಟೆಯಾಗುವ ಹೊತ್ತಿಗೆ ಸೂಪರ್‌ವೈಸರ್ ಮೂಗಿನ ರಕ್ತ ಒರೆಸಿಕೊಂಡು ಮೆಲ್ಲಗೆ ಅಂದ, "ತಮ್ಮಾ, ಆತುರ ಯಾಕೆ? ನಾಳೆವರೆಗೂ ಇರಲಿ ಬಿಡು. ಚೆನ್ನಾಗಿ ಕಾಯಲಿ."

ತಮ್ಮ ಅಂತೆ! ನಾಳೆವರೆಗೂ ಬಿಟ್ಟರೆ ಹಸಿ ಗಾಲಿ ಒಳಗೇ ಪೂರ್ತಿ ಬೆಂದು ಒಳ್ಳೆಯದಾಗಿಬಿಡುತ್ತೆ, ಸಾಕ್ಷಿಯೇ ಇರಲ್ಲ. ಅದು ಅವನಿಗೆ ಗೊತ್ತು. ಅಂದರೆ ಆರು ಗಂಟೆಗೆ ಎಳೆಸಿದಾಗಲೂ ಎಲ್ಲ ಗೊತ್ತಿತ್ತು.

"ಗೊತ್ತಿದ್ದೇ ಕಳಿಸಿದೆಯೇನೋ ಬೋಳಿಮಗನೆ?"

ಅವನು ತಲೆ ತಗ್ಗಿಸಿದ. ರಾಡು ಅವನ ಮೊಣಕಾಲಿಗೆ ಬಿತ್ತು. ಇನ್ನೊಂದು ಏಟು ಭುಜಕ್ಕೆ. ಕಿರುಚಿ ಬಿದ್ದವನ ಕೈ ಎಳೆದು, ಓವನ್ನಿಂದ ತೆಗೆದ ಹಸಿ ಗಾಲಿಗೆ ಹೆಬ್ಬೆರಳು ಒತ್ತಿದೆ. ಚರ್ಮ ಸುಟ್ಟಿತು, ಗಾಲಿ ತಗ್ಗಿತು.

ಚಿಲಕ ತೆಗೆದೆ. ಓನರು ಒಳಗೆ ನುಗ್ಗಿ ನೆಲದಲ್ಲಿ ಹೊರಳುತ್ತಿದ್ದವನನ್ನು ನೋಡಿ ಬಿಳಿಚಿಕೊಂಡರು.

"ಗೇಜು ನೀವೇ ಒತ್ತಿ ಸಾರ್. ಆರೋದರೊಳಗೆ."

ಒತ್ತಿದರು. ಒಳ್ಳೆ ಗಾಲಿ ಎಂಬತ್ತಾರು. ಅಣ್ಣನ ಕಾಲು ತಿಂದದ್ದು ಅರವತ್ತು.

"ನಾನು ಪೊಲೀಸಿಗೆ ಫೋನ್ ಮಾಡ್ಲೇಬೇಕು ಕಣೋ," ಅಂದರು.

"ಮಾಡಿ. ಮೊದಲು ಅಣ್ಣನ ಕಾಗದದಲ್ಲಿ ಗಾಲಿ ಬೆಂದಿರಲಿಲ್ಲ ಅಂತ ಬರೀರಿ."

ಬರೆದರು. ಸಹಿ ಬೀಳೋವರೆಗೂ ನಾನು ರಾಡು ಕೆಳಗಿಡಲಿಲ್ಲ.